ಪ್ಲಾಟಿನ ಶೀಟು: 0.00% ಅನ್ನುವ ಹಸಿ ಸುಳ್ಳು

ಅಂತೂ ಸಿಕ್ಕಿಬಿತ್ತು! ಹುಬ್ಬಳ್ಳಿ-ಧಾರವಾಡದ ಸೈಟುಗಳ ಲಾಭ-ಲುಕ್ಸಾನು ತೂಗಲು ಕಟ್ಟುತ್ತಿರುವ ಎಕ್ಸೆಲ್ ಶೀಟಿನಲ್ಲಿ ಒಂದೇ ಒಂದು ಸೆಲ್ ನನ್ನ ತಲೆ ತಿಂದು ಹಾಕಿತ್ತು. ಉತಾರ, ಇಸಿ, ಎನ್‌ಎ ಆದೇಶ, ಹುಡಾ ಮಂಜೂರಾತಿಯಂಥ ಸೈಟಿನ ಕಾಗದಪತ್ರ ಎಲ್ಲ ನಿಮಗೆ ಗೊತ್ತಿದ್ದದ್ದೇ. ಅದನ್ನು ಬಿಟ್ಟು ನೇರ ಆ ಸೆಲ್ಲಿಗೆ ಬರುತ್ತೇನೆ.

ಮಾದರಿಗೆ ಪಾಲಿಕೆ ಹದ್ದಿಯೊಳಗಿನ ಒಂದು 30-40 ಅಡಿ ಸೈಟು, ಅಂದರೆ 1200 ಚದರಡಿ, ಚದರಡಿಗೆ 2000 ರೂಪಾಯಿ, ಒಟ್ಟು 24 ಲಕ್ಷ. (ದರ ಲೆಕ್ಕಕ್ಕೆ ಸಲೀಸಾಗಲಿ ಅಂತ ಇಟ್ಟದ್ದು. ಇದು ನವನಗರದ್ದೋ ತಾರಿಹಾಳದ್ದೋ ಅಂತ ಕೇಳಬೇಡಿ.) ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು-ಸರ್ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2%. ಕೂಡಿಸಿದರೆ 7.6%, ಅಂದರೆ 1,82,400. ಸರ್ಕಾರದ ಮಾರ್ಗಸೂಚಿ ದರ ಹೆಚ್ಚಿದ್ದರೆ ಶುಲ್ಕ ಅದರ ಮೇಲೆಯೇ ಬೀಳುತ್ತದೆ, ಹಾಗಾಗಿ ಶುಲ್ಕದ ಸೆಲ್ಲಿಗೆ ಎರಡರಲ್ಲಿ ದೊಡ್ಡದನ್ನು ಹಿಡಿಯುವ ಮ್ಯಾಕ್ಸ್ ಫಾರ್ಮುಲಾ ಹಾಕಿದ್ದೇನೆ. ಕೈಯಿಂದ ಹೋಗುವ ದುಡ್ಡು 25,82,400.

ಇನ್ನು ಏಜೆಂಟರ ಖಾಯಂ ಮಾತು: "ರಜಿಸ್ಟ್ರಿ ಮಾಡಿಸ್ರಿ ಸರ್, ತಿಂಗಳೊಪ್ಪತ್ತಿನ್ಯಾಗ ಪಾರ್ಟಿ ನಾನ ತರ್ತೀನ್ರಿ." ಆಗಲಿ, 30 ದಿನಕ್ಕೆ ಅದೇ ದರಕ್ಕೆ ಮಾರಿದೆವು ಅಂದುಕೊಳ್ಳೋಣ. 2% ದಲಾಲಿ ಕಳೆದು ಕೈಗೆ ಬರುವುದು 23,52,000. ಎರಡೇ ಸಾಲು, ಎರಡು ತಾರೀಖು. ತಾರೀಖು ಹಿಡಿದು ವರ್ಷದ ಲಾಭದ ದರ ತೆಗೆಯುವ ಎಕ್ಸೆಲ್ ಫಾರ್ಮುಲಾ ಎಕ್ಸ್‌ಐಆರ್‌ಆರ್ (XIRR) ಕೊಟ್ಟ ಉತ್ತರ 0.00%.

2,30,400 ರೂಪಾಯಿ ನೀರಿಗೆ ಹೋಗಿದೆ, ಶೀಟು ಮಾತ್ರ "ಏನೂ ಆಗಿಲ್ರಿ" ಅನ್ನುತ್ತಿದೆ. ಇದೂ ಏಜೆಂಟರ ಕಡೆಯದೇ ಇರಬೇಕು ಅಂತ ಅನುಮಾನ ಬಂತು.

ತಾರೀಖು ಟೆಕ್ಸ್ಟ್ ಆಗಿ ಕೂತಿದೆಯೇ ಅಂತ ನೋಡಿದೆ, ಇಲ್ಲ. ಮೈನಸ್-ಪ್ಲಸ್ ಸರಿಯಾಗಿಯೇ ಇವೆ. ಕೊನೆಗೆ ಸೆಲ್ಲಿನ ಫಾರ್ಮ್ಯಾಟನ್ನು ಪರ್ಸೆಂಟಿನಿಂದ ಜನರಲ್‌ಗೆ ತಿರುಗಿಸಿದಾಗ ಕಳ್ಳ ಹೊರಬಿದ್ದ: 2.98023ಇ-09, ಅಂದರೆ ದಶಮಾಂಶದ ನಂತರ ಎಂಟು ಸೊನ್ನೆ ದಾಟಿದ ಮೇಲೆ 298. ಇದು ಸೊನ್ನೆಯೂ ಅಲ್ಲ, ಉತ್ತರವೂ ಅಲ್ಲ. ಲೆಕ್ಕ ಹಳಿ ತಪ್ಪಿದಾಗ ಎರರ್ ತೋರಿಸುವ ಬದಲು ಎಕ್ಸೆಲ್ ಕೆಲವೊಮ್ಮೆ ಉಗುಳುವ ಕಸ.

ಯಾಕೆ ಹೀಗೆ? ನಾವು ಊಹೆ ಕೊಡದಿದ್ದರೆ ಅದು 10%ನಿಂದ ಹುಡುಕಾಟ ಶುರು ಮಾಡುತ್ತದೆ. ಊಹೆಯನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತ ಹೋಗುವ ನ್ಯೂಟನ್ ವಿಧಾನದಲ್ಲಿ ಕೈಯಿಂದ ಮಾಡಿ ನೋಡಿದೆ. ಈ ಅಂಕಿಗಳಿಗೆ ಮೊದಲ ಜಿಗಿತವೇ ಮೈನಸ್ 130%ರ ಹತ್ತಿರ ಬಿತ್ತು. ಮೈನಸ್ 100%ರ ಕೆಳಗೆ ಹೋದರೆ ಮುಂದೆ ಲೆಕ್ಕವೇ ಇಲ್ಲ. ಫಾರ್ಮುಲಾದ ಮೂರನೆಯ ಜಾಗದಲ್ಲಿ ಊಹೆ ಅಂತ -0.5 (ಮೈನಸ್ 50%) ಕೊಟ್ಟದ್ದೇ ತಡ, ಉತ್ತರ ಬಂತು: ಮೈನಸ್ 68%. ತಾಳೆ ನೋಡಲು ಆ ದರದಲ್ಲಿ ಎರಡೂ ಸಾಲನ್ನು ಮೊದಲ ದಿನದ ಬೆಲೆಗೆ ಇಳಿಸಿ ಸಮ್‌ಪ್ರಾಡಕ್ಟ್‌ನಲ್ಲಿ (ಗುಣಿಸಿ ಕೂಡಿಸುವ ಫಾರ್ಮುಲಾ) ಹಾಕಿ, ಮೊತ್ತ ಸೊನ್ನೆಯಾಗಬೇಕು. ಹಳೆಯ "ಸೊನ್ನೆ" ದರ ಹಾಕಿದರೆ ಪೂರ್ತಿ 2,30,400 ಹಾಗೇ ಉಳಿಯುತ್ತದೆ.

ಆದರೆ ಮೈನಸ್ 68 ಕೂಡ ಹೆದರಿಸಲಿಕ್ಕಷ್ಟೇ ಸರಿ. ನಿಜವಾದ ನಷ್ಟ 8.9%, ಅದನ್ನು ವರ್ಷಕ್ಕೆ ಹಿಗ್ಗಿಸಿದ್ದರಿಂದ ಹಾಗೆ ಕಾಣುತ್ತದೆ. ಹೀಗಾಗಿ ಒಂದು ವರ್ಷದೊಳಗಿನ ವ್ಯವಹಾರಕ್ಕೆ ಎಕ್ಸ್‌ಐಆರ್‌ಆರ್ ತೆಗೆದೇ ಹಾಕಿದೆ. ಆ ಜಾಗದಲ್ಲಿ ಈಗ "ಅಸಲು ದರ" ಕೂತಿದೆ: 25,82,400ನ್ನು 0.98ರಿಂದ ಭಾಗಿಸಿ, ಮತ್ತೆ 1200ರಿಂದ ಭಾಗಿಸಿದರೆ ಚದರಡಿಗೆ 2196. ದರ ಸುಮಾರು 10% ಏರಿದರೆ ಹಾಕಿದ ದುಡ್ಡು ಹುಟ್ಟುತ್ತದೆ, ಲಾಭದ ಮಾತು ಆಮೇಲೆ.

"7 ವರ್ಷಕ್ಕ ಡಬಲ್ ರೀ" ಅನ್ನುವುದನ್ನೂ ಇದರಲ್ಲೇ ಹಾಯಿಸಿದೆ. ಬಾಯಿಲೆಕ್ಕಕ್ಕೆ ವರ್ಷಕ್ಕೆ 10.4%. ನೋಂದಣಿ, ದಲಾಲಿ, 12.5% ಬಂಡವಾಳ ಲಾಭದ ತೆರಿಗೆ ಕಳೆದರೆ 8ರ ಆಸುಪಾಸು. ಜಾಲಿಕಂಟಿ ಕಡಿಸುವ ಖರ್ಚು ಇನ್ನೂ ಹಿಡಿದಿಲ್ಲ.

ಮಾಹಿತಿ ಕೊಡುವ ಮಹಾಶಯರ ಬಗ್ಗೆ ಒಂದು ಮಾತು ಆಡದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಲೇಔಟ್ ನಕ್ಷೆ ಕೇಳಿದರೆ ಝೆರಾಕ್ಸಿನ ಝೆರಾಕ್ಸಿನ ಫೋಟೊ ವಾಟ್ಸಾಪಿಗೆ ಬರುತ್ತದೆ, ಜೊತೆಗೆ "ಎರಡ ಸೈಟ್ ಉಳದಾವ್ರಿ". ಒಂದರ ಬ್ರೋಷರಿನಲ್ಲಿ 30-40 ಅಂತಿತ್ತು. ಹಿಗ್ಗಿಸಿ ನೋಡಿದರೆ ನಕ್ಷೆಯ ಅಂಚಿನಲ್ಲಿ 9 ಮೀಟರ್, 12 ಮೀಟರ್. ಅದು 1200 ಅಲ್ಲ, 1162 ಚದರಡಿ. 2000ದ ದರಕ್ಕೆ 75,000 ರೂಪಾಯಿಯಷ್ಟು ಜಾಗ ಗಾಳಿಯಲ್ಲಿ! ಈಗ ಶೀಟು ಅಳತೆಯನ್ನು ಮೀಟರಿನಲ್ಲೇ ಕೇಳುತ್ತದೆ.

ಮುಂದಿನ ಕೆಲಸ ಮಣ್ಣಿನ ಕಾಲಮ್ಮು. ಕುಸುಗಲ್, ನವಲಗುಂದ ಕಡೆ ಎರಿ (ಕಪ್ಪು ಮಣ್ಣು), ಧಾರವಾಡ ದಾಟಿ ಪಶ್ಚಿಮಕ್ಕೆ ಹೋದಂತೆ ಕೆಂಪು. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮನೆ ಕಟ್ಟುವವರಿಗೆ ಬುನಾದಿ ಖರ್ಚೇ ಬೇರೆ. ಸೋವಿ ಸೈಟು ಪಾಯದಲ್ಲಿ ಎಷ್ಟು ನುಂಗುತ್ತದೆ ಅನ್ನುವುದು ದರದ ಪಕ್ಕದಲ್ಲೇ ಕಾಣಬೇಕು. ಎರಿಯಲ್ಲಿ ಪಾಯ ತೆಗೆಸಿದವರು ಎಷ್ಟು ಅಡಿಗೆ ಗಟ್ಟಿ ನೆಲ ಸಿಕ್ಕಿತು, ಎಷ್ಟು ಖರ್ಚಾಯಿತು ಅಂತ ಬರೆದು ಕಳಿಸಿ. ಗುತ್ತಿಗೆದಾರರ ಅಂದಾಜು ಬೇಡ, ಬಿಲ್ಲಿನ ಅಂಕಿ ಬೇಕು.