ಮೂಳೆ ಅಳೆಯುವ ಕೋಣೆಯಿಂದ

ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಡೆಕ್ಸಾ ಮಷಿನ್, ಅಂದರೆ ಮೂಳೆ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಮಷಿನ್, ನೋಡಿಕೊಳ್ಳುವುದು ನನ್ನ ಕೆಲಸ. ಬರುವವರಲ್ಲಿ ಅರವತ್ತು ದಾಟಿದ ಅಮ್ಮಂದಿರೇ ಜಾಸ್ತಿ. "ಪಾರ್ಕಲ್ಲಿ ಫ್ರೀ ಕ್ಯಾಂಪ್ ಇತ್ತಮ್ಮ, ಹಿಮ್ಮಡಿ ಇಡಿಸಿ ನೋಡಿದ್ರು, ಚೆನ್ನಾಗಿದೆ ಅಂದ್ರು. ಮತ್ತೆ ಇದ್ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ.

ಹಿಮ್ಮಡಿಗೆ ಮಾಡುವುದು ಅಲ್ಟ್ರಾಸೌಂಡ್. ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಅಂತ ಆರಿಸಲು ಅದು ಸಾಕು. ಆಸ್ಟಿಯೊಪೊರೋಸಿಸ್ (ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆ) ಇದೆಯೋ ಇಲ್ಲವೋ ಅಂತ ತೀರ್ಮಾನಿಸಲು ಸಾಲದು. ಮಾಮೂಲಿ ಎಕ್ಸ್‌ರೇಯನ್ನೂ ನಂಬಿ ಕೂರಬೇಡಿ. ಮೂಳೆ ಸಾಕಷ್ಟು ಸವೆದ ಮೇಲೆಯೇ ಅದರಲ್ಲಿ ಗೊತ್ತಾಗುವುದು.

ಡೆಕ್ಸಾದಲ್ಲಿ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಬಿಡುತ್ತೇವೆ. ಮಾಂಸ ಎಷ್ಟು ತಡೆಯಿತು, ಮೂಳೆ ಎಷ್ಟು ತಡೆಯಿತು ಅಂತ ಮಷಿನ್ ಬೇರ್ಪಡಿಸಿ ಲೆಕ್ಕ ಹಾಕುತ್ತದೆ. ರೇಡಿಯೇಶನ್ ಎದೆಯ ಎಕ್ಸ್‌ರೇಗಿಂತಲೂ ಕಡಿಮೆ, ಹೆದರಬೇಕಿಲ್ಲ.

ಮಲಗಿಸುವ ಮುಂಚೆ ನಾನು ಮೊದಲು ಕೇಳುವುದು ಸೇಫ್ಟಿ ಪಿನ್ನು. ನೆರಿಗೆಗೆ ಒಂದು ಚುಚ್ಚಿರುತ್ತಾರೆ, ತೆಗೆಯಲು ಮರೆಯುತ್ತಾರೆ. ಬೆಳ್ಳಿ ಉಡಿದಾರ ಇದ್ದರೆ ಅದನ್ನೂ ಬಿಚ್ಚಬೇಕು, ಲೋಹ ಇದ್ದರೆ ಅಳತೆ ಕೆಡುತ್ತದೆ. ಬೆಳಿಗ್ಗೆ ನುಂಗಿದ ಕ್ಯಾಲ್ಸಿಯಂ ಮಾತ್ರೆ ಹೊಟ್ಟೆಯಲ್ಲಿ ಕರಗದೆ ಉಳಿದಿದ್ದರೆ ಬೆನ್ನುಮೂಳೆಯ ಮೇಲೆ ಬಿಳಿ ಚುಕ್ಕೆಯಾಗಿ ಬಂದು ಅಂಕಿ ಏರಿಸುತ್ತದೆ. ಅವತ್ತು ಮಾತ್ರೆ ಬೇಡ. ಬೆನ್ನಿನ ಸ್ಕ್ಯಾನ್‌ಗೆ ಕಾಲನ್ನು ಫೋಮ್ ದಿಮ್ಮಿಯ ಮೇಲೆ ಎತ್ತಿಡುತ್ತೇನೆ, ಸೊಂಟದ ಸ್ಕ್ಯಾನ್‌ಗೆ ಪಾದ ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟುತ್ತೇನೆ. ಪಾದ ಸರಿಯಾಗಿ ತಿರುಗದಿದ್ದರೆ ತೊಡೆಮೂಳೆಯ ಕತ್ತಿನ ಅಳತೆ ತಪ್ಪುತ್ತದೆ. ಅದಕ್ಕೇ ನಾನು ಅಷ್ಟು ಕಾಟ ಕೊಡುವುದು!

ರಿಪೋರ್ಟ್‌ನಲ್ಲಿ ಟಿ-ಸ್ಕೋರ್ ಇರುತ್ತದೆ. ಹರೆಯದ ಆರೋಗ್ಯವಂತರ ಮೂಳೆಗೆ ಹೋಲಿಸಿದ ಅಂಕಿ ಅದು. ಮೈನಸ್ 1ರವರೆಗೆ ಸರಿ. ಮೈನಸ್ 2.5 ಅಥವಾ ಅದಕ್ಕೂ ಕೆಳಗಾದರೆ ಆಸ್ಟಿಯೊಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ಮುಟ್ಟು ನಿಲ್ಲದವರಿಗೆ ಝಡ್-ಸ್ಕೋರ್, ಅಂದರೆ ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕಿ, ನೋಡುತ್ತಾರೆ.

ಬೆನ್ನಿನ ಅಂಕಿ ಚೆನ್ನಾಗಿದೆ ಅಂತ ಸುಮ್ನೆ ಸಮಾಧಾನ ಪಡುವವರಿಗೆ ಒಂದು ಮಾತು. ವಯಸ್ಸಾದ ಬೆನ್ನಿನಲ್ಲಿ ಸವಕಳಿಯಿಂದ ಮೂಳೆ ಮುಳ್ಳುಮುಳ್ಳಾಗಿ ಬೆಳೆದಿರುತ್ತದೆ. ಮಷಿನ್ ಅದನ್ನೂ ಸೇರಿಸಿ ಎಣಿಸುತ್ತದೆ. ಬೆನ್ನಿನಲ್ಲಿ ಮೈನಸ್ 1.2, ಸೊಂಟದಲ್ಲಿ ಮೈನಸ್ 2.8 ಬಂದವರನ್ನು ನೋಡಿದ್ದೇನೆ. ಇಂಥ ಕಡೆ ಲೆಕ್ಕಕ್ಕೆ ಬರುವುದು ಕಡಿಮೆ ಇರುವ ಅಂಕಿಯೇ.

ಮುಂದಿನ ಸಲ ಆದಷ್ಟೂ ಅದೇ ಮಷಿನ್‌ನಲ್ಲೇ ಮಾಡಿಸಿ. ಬೇರೆ ಕಂಪನಿಯ ಮಷಿನ್ನಿನ ಅಳತೆ ಬೇರೆ ಬರುತ್ತದೆ, ಔಷಧಿ ಹಿಡಿದಿದೆಯೋ ಇಲ್ಲವೋ ಡಾಕ್ಟರಿಗೆ ಗೊತ್ತಾಗುವುದಿಲ್ಲ.