ಹಳೆಯ ವೈಟ್‌ವಾಟರ್ ಕನೂಗೆ ಹೊಸ ಸ್ಯಾಡಲ್: ಅಂಟಿನ ಡಬ್ಬಿ ತೆರೆಯುವ ಮೊದಲು

ಅಮೆರಿಕದ ನಾಂಟಹಾಲಾ, ಒಕೊಯಿ ನದಿಗಳ ಸೀಮೆಯಲ್ಲಿ ಒಬ್ಬರೇ ನಡೆಸುವ ಹಳೆಯ ವೈಟ್‌ವಾಟರ್ ಕನೂ (ರಭಸದ ನೀರಿಗಿಳಿಸುವ, ಹುಟ್ಟುಹಾಕುವ ತೆರೆದ ದೋಣಿ) ಹುಡುಕುವವರಿಗೆ ರಾಯಲೆಕ್ಸ್ ಎಂಬ ಪದರಪದರದ ಪ್ಲಾಸ್ಟಿಕ್ ಹಾಳೆಯ ದೋಣಿಗಳು ಇನ್ನೂ ಸಿಗುತ್ತವೆ: ಮ್ಯಾಡ್ ರಿವರ್ ಔಟ್‌ರೇಜ್, ಡ್ಯಾಗರ್ ಎನ್ಕೋರ್, ಮೋಹಾಕ್ ವೈಪರ್. ರಾಯಲೆಕ್ಸ್ ಹಾಳೆಯ ತಯಾರಿಕೆ 2014ರಲ್ಲೇ ನಿಂತುಹೋಯಿತು. ಒಳಗಿನ ಫೋಮು, ಪಟ್ಟಿ, ಗಾಳಿಚೀಲಗಳನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಒಡಲು ಕೆಟ್ಟರೆ ಅಂಥದ್ದು ಹೊಸದಾಗಿ ಸಿಗುವುದಿಲ್ಲ. ಆದ್ದರಿಂದ ಸ್ಯಾಡಲ್, ಅಂದರೆ ಮಂಡಿಯೂರಿ ಕೂರುವ ಫೋಮಿನ ಪೀಠ, ಬದಲಾಯಿಸುವ ಈ ಕೆಲಸದಲ್ಲಿ ಕಾಪಾಡಬೇಕಾದದ್ದು ಒಡಲನ್ನು.

ರಾಯಲೆಕ್ಸ್‌ನ ಎರಡೂ ಮೈಗೆ ವಿನೈಲ್ ಚರ್ಮ, ಅದರಡಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್, ನಡುವೆ ಎಬಿಎಸ್ ಫೋಮು. ಅಂಟು ಕಚ್ಚಿಕೊಳ್ಳುವುದು ವಿನೈಲ್ ಮೇಲೆ. ನಿಮ್ಮದು ಪಾಲಿಇಥಿಲೀನ್ ದೋಣಿಯಾದರೆ ಇಲ್ಲಿ ಹೇಳುವ ಅಂಟುಗಳನ್ನು ನಂಬಬೇಡಿ. ಅದಕ್ಕೆ ಬೋಲ್ಟ್ ಹಾಕಿ ಬಿಗಿಯುವ ಸೀಟೇ ಸರಿ.

ಹಳೆಯ ಸ್ಯಾಡಲನ್ನು ಬುಡದಿಂದ ಕಿತ್ತೆಳೆದರೆ ಕೆಲವೊಮ್ಮೆ ವಿನೈಲೂ ಜೊತೆಗೇ ಏಳುತ್ತದೆ. ಹಲ್ಲಿನ ಬ್ರೆಡ್ ಚಾಕುವಿನಿಂದ, ತಳಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ಫೋಮನ್ನು ಅಡ್ಡಡ್ಡ ಕೊಯ್ಯಿರಿ. ಉಳಿದದ್ದನ್ನು ಹೀಟ್ ಗನ್ನಿನಿಂದ ಹದವಾಗಿ ಬೆಚ್ಚಗೆ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಗನ್ನನ್ನು ಒಂದೇ ಕಡೆ ನಿಲ್ಲಿಸಬೇಡಿ. ಅಂಗೈ ಇಡಲಾಗದಷ್ಟು ಬಿಸಿಯಾಯಿತೆಂದರೆ ನಿಲ್ಲಿಸಿ. ನಡುವಿನ ಫೋಮು ಉಬ್ಬಿ ಬೊಬ್ಬೆಯೆದ್ದರೆ ಅದು ಮತ್ತೆ ಕೂರುವುದಿಲ್ಲ. ಗಟ್ಟಿಯಾಗಿ ಹಿಡಿದಿರುವ ಹಳೆಯ ಅಂಟನ್ನು ಪೂರ್ತಿ ತೆಗೆಯುವ ಹಟ ಬೇಡ, ಉಜ್ಜುಕಾಗದದಿಂದ ಒರಟು ಮಾಡಿದರೆ ಸಾಕು. ಅಸಿಟೋನ್ ಎಬಿಎಸ್ಸನ್ನು ಕರಗಿಸುತ್ತದೆ, ಒಡಲೊಳಗೆ ಅದನ್ನು ಸುರಿಯಲೇಬೇಡಿ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಈಗ ಜಾಗ ಗೊತ್ತುಮಾಡುವುದು. ಹಳೆಯ ಅಂಟಿನ ಗುರುತಿನ ಮೇಲೇ ಹೊಸ ಸ್ಯಾಡಲ್ ಕೂರಿಸುವುದು ತೀರಾ ಸಾಮಾನ್ಯವಾದ ತಪ್ಪು. ಆ ಗುರುತು ಹಿಂದಿನ ಮಾಲೀಕರ ಮೈತೂಕಕ್ಕೆ ಹೊಂದಿದ್ದು, ನಿಮ್ಮದಕ್ಕಲ್ಲ. ಸ್ಯಾಡಲನ್ನು ಅಂಟಿಸದೆ ಇಟ್ಟು, ನಿಂತ ನೀರಿನಲ್ಲಿ ಮಂಡಿಯೂರಿ, ಜೊತೆಯವರಿಂದ ಎರಡು ಲೀಟರ್ ನೀರನ್ನು ಒಳಗೆ ಹುಯ್ಯಿಸಿ. ಹಿಂದೆ ಮುಂದೆ ಒಂದೇ ಸಮ ಬಾಗಿರುವ ಒಡಲಾದರೆ ನೀರು ನಟ್ಟನಡುವೆ ನಿಲ್ಲಬೇಕು. ಮೂತಿಯ ಕಡೆ ಹರಿದರೆ ಸ್ಯಾಡಲನ್ನು ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ನಡುವಿಗಿಂತ ತುಸು ಹಿಂದೆ ನಿಂತರೂ ಚಿಂತೆಯಿಲ್ಲ. ಮೂತಿ ಭಾರವಾದ ದೋಣಿ ಅಲೆಗೆ ತಲೆಕೊಟ್ಟು ನೀರು ತುಂಬಿಕೊಳ್ಳುತ್ತದೆ. ಸರಿಯಾದ ಜಾಗ ಸಿಕ್ಕೊಡನೆ ಅಲ್ಲೇ ಮಾರ್ಕರಿನಿಂದ ಗೆರೆ ಎಳೆಯಿರಿ.

ಎತ್ತರ ಸಾಮಾನ್ಯವಾಗಿ 18ರಿಂದ 23 ಸೆಂಟಿಮೀಟರ್. ಕೂರುವ ಭಂಗಿ ಹೆಚ್ಚುಕಡಿಮೆ ವಜ್ರಾಸನವೇ, ಮಂಡಿಗಳು ಮಾತ್ರ ಅಗಲ, ಭಾರ ಸ್ಯಾಡಲ್ ಮೇಲೆ. ತಗ್ಗಿಸಿದಷ್ಟೂ ದೋಣಿ ಸ್ಥಿರ, ಆದರೆ ಪಾದದ ಕೀಲು ಮತ್ತು ಮಂಡಿ ಅಷ್ಟೇ ಬೇಗ ನೋಯುತ್ತವೆ. ಅರ್ಧ ಗಂಟೆ ಕೂತು ನೋಡದೆ ಎತ್ತರ ತೀರ್ಮಾನಿಸಬೇಡಿ. ತಗ್ಗಿಸಬೇಕಾದರೆ ಬುಡದಿಂದ ಕತ್ತರಿಸಿ, ಮರಗೆಲಸದ ಒರಟು ಅರದಿಂದ ಒಡಲಿನ ಬಾಗಿಗೆ ಹೊಂದುವಂತೆ ಉಜ್ಜಿ.

ಅಂಟು ಎರಡು ಬಗೆಯದು ಬೇಕು. ಫೋಮಿಗೆ ಕಾಂಟ್ಯಾಕ್ಟ್ ಸಿಮೆಂಟ್, ಡಿ-ರಿಂಗ್ (ಪಟ್ಟಿ ಕಟ್ಟುವ, ಡಿ ಅಕ್ಷರದ ಆಕಾರದ ಬಳೆ) ಕೂರಿಸಿದ ವಿನೈಲ್ ತುಂಡುಗಳಿಗೆ ವೈನಬಾಂಡ್‌ನಂಥ ವಿನೈಲ್ ಅಂಟು. ವಿನೈಲನ್ನು ಮೆದುವಾಗಿಡುವ ಪ್ಲಾಸ್ಟಿಸೈಜರ್ ನಿಧಾನವಾಗಿ ಕಾಂಟ್ಯಾಕ್ಟ್ ಸಿಮೆಂಟಿಗೆ ಇಳಿದು ಅದನ್ನು ಮೇಣದಂತೆ ಮಾಡುತ್ತದೆ. ತೊಡೆಪಟ್ಟಿಯ ಎಳೆತವೆಲ್ಲ ಡಿ-ರಿಂಗಿನ ಮೇಲೇ ಬೀಳುವುದರಿಂದ ಇಲ್ಲಿ ಅಂಟು ಅದಲುಬದಲಾದರೆ ಪಟ್ಟಿ ಕಿತ್ತುಬರುವುದು ರಭಸದ ನಡುವೆಯೇ.

ಕಾಂಟ್ಯಾಕ್ಟ್ ಸಿಮೆಂಟನ್ನು ಫೋಮು, ಒಡಲು ಎರಡಕ್ಕೂ ಎರಡೆರಡು ತೆಳು ಪದರ ಹಚ್ಚಿ. ಮೊದಲನೆಯದನ್ನು ಫೋಮು ಕುಡಿದುಬಿಡುತ್ತದೆ. ಬೆರಳಿಟ್ಟರೆ ಅಂಟು ಎದ್ದುಬರದಷ್ಟು ಒಣಗಿದ ಮೇಲೆ, ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ, ಜೋಡಿಸಿ. ಹಸಿಯಿರುವಾಗ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಬಿದ್ದು ಅಂಟು ವಾರಗಟ್ಟಲೆ ಮೆತ್ತಗಿರುತ್ತದೆ. ತಾಗಿದ ಮೇಲೆ ಸರಿಸಲು ಬರುವುದಿಲ್ಲ, ಹಾಗಾಗಿ ನಡುವೆ ಮೇಣದ ಕಾಗದ ಹಾಸಿ, ಗೆರೆಗೆ ಕೂರಿಸಿ, ಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಸೆಕೆಯ ದಿನ ಹಸಿ ಅಂಟಿನ ಮೇಲೆ ಬೆಳ್ಳಗೆ ಮಂಜು ಕಟ್ಟಿದರೆ ಅದು ಗಾಳಿಯ ತೇವ. ಒಣಗಲು ಬಿಟ್ಟು ಇನ್ನೊಂದು ಪದರ ಹಚ್ಚಿ. 18 ಡಿಗ್ರಿಗಿಂತ ತಣ್ಣಗಿರುವ ದಿನ ಈ ಕೆಲಸ ಬೇಡ. ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ, ಗ್ಯಾಸ್ ಗೀಸರ್ ಇರುವ ಗ್ಯಾರೇಜಿನಲ್ಲಂತೂ ಬೇಡವೇ ಬೇಡ. ಅಂಟಿಸಿದ ಮೇಲೆ ಕನಿಷ್ಠ ಒಂದು ದಿನ ಸ್ಯಾಡಲ್ ಮೇಲೆ ಕೂರಬೇಡಿ, ಡಿ-ರಿಂಗುಗಳನ್ನು ಮೂರು ದಿನ ಎಳೆಯಬೇಡಿ.

ತೊಡೆಪಟ್ಟಿ ಕೂರಿಸಿದ ಮೇಲೆ ದಡದ ಬಳಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ದೋಣಿ ಮಗುಚಿ ನೋಡಿ. ಬಕಲ್ ಮುಟ್ಟದೆಯೇ, ಮಂಡಿಗಳನ್ನು ಒಳಕ್ಕೆಳೆದರೆ ಕಾಲು ಹೊರಬರಬೇಕು. ಬರದಿದ್ದರೆ ಪಟ್ಟಿ ತೀರಾ ಬಿಗಿ ಅಥವಾ ಡಿ-ರಿಂಗ್ ತೀರಾ ಮುಂದಿದೆ.

ಇನ್ನು ಗಾಳಿಚೀಲ. ಚೀಲ ಎಷ್ಟು ಲೀಟರ್ ಜಾಗ ಹಿಡಿಯುತ್ತದೋ ಮಗುಚಿದ ದೋಣಿ ಅಷ್ಟು ಕಿಲೋ ಹಗುರ. ಆದರೆ ಕಟ್ಟದ ಚೀಲ ನೀರು ತುಂಬಿದ ಕೂಡಲೇ ಮೇಲಕ್ಕೆ ತೇಲಿ ಹೊರಗೆ ಜಾರುತ್ತದೆ. ಅಂಚುಪಟ್ಟಿಯ ಕೆಳಗೆ ಸುಮಾರು 10 ಸೆಂಟಿಮೀಟರಿಗೊಂದರಂತೆ ರಂಧ್ರ ಕೊರೆದು, 4 ಮಿಲಿಮೀಟರ್ ಹಗ್ಗವನ್ನು ಅತ್ತಿಂದಿತ್ತ ಹೆಣೆಯಿರಿ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ಹಗ್ಗವೇ ಮೇಲು. ಜೊತೆಗೆ ತಳದ ಡಿ-ರಿಂಗಿನಿಂದ ಮೇಲಿನ ಅಡ್ಡಪಟ್ಟಿಗೆ ಒಂದು ಪಟ್ಟಿ ಬಿಗಿದರೆ ಚೀಲ ನಡುವಿನ ಕಡೆಗೆ ಜಾರುವುದಿಲ್ಲ. ನಾಂಟಹಾಲಾದ ನೀರು ಅಣೆಕಟ್ಟಿನಿಂದ ಬರುವುದು, ಬೇಸಿಗೆಯಲ್ಲೂ ಕೊರೆಯುತ್ತದೆ. ದಡದಲ್ಲಿ ಬಿಗಿಯಾಗಿದ್ದ ಚೀಲ ನೀರಿಗಿಳಿದ ಹತ್ತು ನಿಮಿಷಕ್ಕೆ ಸಡಿಲವಾಗುತ್ತದೆ, ಆಗ ಇನ್ನಷ್ಟು ಊದಿ. ಮಧ್ಯಾಹ್ನ ಬಿಸಿಲಿಗೆ ದೋಣಿ ಎಳೆದಿಟ್ಟಾಗ ಮರೆಯದೆ ಗಾಳಿ ಬಿಡಿ, ಇಲ್ಲದಿದ್ದರೆ ಹೊಲಿಗೆ ಬಿರಿಯುತ್ತದೆ.