ಫ್ಲ್ಯಾಶ್ ಹಾಕಿ ಸೆಲ್ಯುಲೈಟ್ ಮಾಯ ಮಾಡಿದ್ದೆ
ಸ್ಕಿನ್ ಕ್ಲಿನಿಕ್ಕಲ್ಲಿ ನನ್ನ ಕೆಲಸ ಟ್ರೀಟ್‌ಮೆಂಟ್ ರೂಮ್ ರೆಡಿ ಮಾಡೋದು, ಬಂದವರ ಫೋಟೋ ತೆಗೆಯೋದು. ಸೇರಿದ ಹೊಸತರಲ್ಲಿ ಫೋಟೋ ತೆಗೆಯೋದೇನ್ ಮಹಾ ಅಂದ್ಕೊಂಡಿದ್ದೆ. ಒಬ್ಬರು ತೊಡೆ ಚರ್ಮದ ಮೇಲಿನ ಗುಳಿಗಳಿಗೆ, ಅಂದ್ರೆ ಸೆಲ್ಯುಲೈಟ್‌ಗೆ ರೇಡಿಯೋಫ್ರೀಕ್ವೆನ್ಸಿ (ರೇಡಿಯೋ ಅಲೆಯಿಂದ ಚರ್ಮದೊಳಗೆ ಬಿಸಿ ಕೊಡೋದು) ಮಾಡಿಸ್ತಿದ್ರು, ಆರನೇ ಸಿಟ್ಟಿಂಗ್ ಆದ್ಮೇಲೆ ಫೋಟೋ ತೆಗೆದು ಹಳೇದರ ಪಕ್ಕ ಇಟ್ರೆ ಗುಳಿಗಳೆಲ್ಲ ಮಾಯ, ಖುಷೀಲಿ ನಾನೇ "ನೋಡಿ ಮೇಡಂ, ಅರ್ಧಕ್ಕರ್ಧ ಕಮ್ಮಿ ಆಗಿದೆ" ಅಂದ್ಬಿಟ್ಟೆ, ಅವರೂ ಇನ್ನೊಂದು ಪ್ಯಾಕೇಜ್ ತಗೊಳ್ಳೋಕೆ ರೆಡಿ ಆದ್ರು.

ಡಾಕ್ಟರ್ ಎರಡೂ ಫೋಟೋ ನೋಡಿ ಕೇಳಿದ್ದು ಒಂದೇ ಮಾತು, "ಫ್ಲ್ಯಾಶ್ ಹಾಕಿದ್ಯಾ?"

ಹಾಕಿದ್ದೆ. ಮೊದಲನೇದು ಬರೀ ಸೀಲಿಂಗ್ ಲೈಟಲ್ಲಿ ತೆಗೆದಿದ್ದು. ಮೇಲಿಂದ ಬೆಳಕು ಬಿದ್ರೆ ಒಂದೊಂದು ಗುಳಿ ಒಳಗೂ ನೆರಳು ಕೂರುತ್ತೆ, ಎದುರಿಂದ ಫ್ಲ್ಯಾಶ್ ಹೊಡೆದ್ರೆ ನೆರಳೇ ಇರಲ್ಲ. ಫ್ಲ್ಯಾಶ್ ಆಫ್ ಮಾಡಿ ಮತ್ತೆ ತೆಗೆದ್ರೆ ಒಂಚೂರು ವ್ಯತ್ಯಾಸ, ಅಷ್ಟೇ. ಅವರಿಗೆ ತೋರಿಸುವಾಗ ನನಗೆ ಮುಖ ಎತ್ತೋಕಾಗ್ಲಿಲ್ಲ, ಅವರು ಮಾತ್ರ "ಟ್ರಯಲ್ ರೂಮ್ ಕನ್ನಡೀಲಿ ನಂಗೆ ಕಾಣೋದು ಇದೇ ಕಣಮ್ಮ" ಅಂತ ನಕ್ರು. ಪ್ಯಾಕೇಜ್ ತಗೊಳ್ಲಿಲ್ಲ.

ಆಮೇಲೆ ಡಾಕ್ಟರ್ ಕೂರಿಸಿ ಹೇಳಿದ್ರು. ಚರ್ಮದ ಕೆಳಗೆ ನಾರಿನಂಥ ಪಟ್ಟಿಗಳಿವೆ, ಅವು ಚರ್ಮನ ಕೆಳಕ್ಕೆ ಜಗ್ತವೆ, ನಡುವಿನ ಕೊಬ್ಬು ಮೇಲಕ್ಕೆ ಉಬ್ಬುತ್ತೆ, ಹತ್ತಿ ಹಾಸಿಗೇಲಿ ಹೊಲಿಗೆ ಬಿದ್ದ ಕಡೆ ತಗ್ಗಾಗಲ್ವಾ, ಹಂಗೆ. ಅದಕ್ಕೇ ತೆಳ್ಳಗಿರೋರಿಗೂ ಬರುತ್ತೆ, ಹೆಂಗಸರಲ್ಲಿ ಹೆಚ್ಚಿನವರಿಗೆ ಇದ್ದೇ ಇದೆ (ಇದನ್ನ ಕಾಯಿಲೆ ಅಂತ ಹೆದರಿಸೋರನ್ನ ಕಂಡ್ರೆ ನಂಗೆ ಈಗ ಮೈ ಉರಿಯುತ್ತೆ). ಮಸಾಜ್, ಕ್ರೀಮಿನ ಫಲ ತಾತ್ಕಾಲಿಕ. ಸಬ್‌ಸಿಷನ್ನಲ್ಲಿ ಸೂಜಿಯಂಥ ಬ್ಲೇಡಿಂದ ಆ ಪಟ್ಟೀನೇ ಕತ್ತರಿಸ್ತಾರೆ, ಅದು ಜಾಸ್ತಿ ದಿನ ನಿಲ್ಲುತ್ತೆ. ಪಟ್ಟಿ ಕರಗಿಸೋ ಇಂಜೆಕ್ಷನ್ನೂ ಬಂದಿತ್ತು, ಕ್ವೋ ಅಂತ, ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ತು, ವಿಪರೀತ ನೀಲಿಗಟ್ಟೋದು, ಕಲೆ ಉಳಿಯೋದು ಅಂತ 2022ರ ಕೊನೇಲಿ ಕಂಪನೀನೇ ನಿಲ್ಲಿಸ್ತು.

ಈಗ ಪ್ರತಿ ಸಲ ಫೋಟೋ ಒಂದೇ ಥರ ಬರ್ಲಿ ಅಂತ ನೆಲದ ಮೇಲೆ ಪಾದ ಇಡೋ ಜಾಗಕ್ಕೆ ಟೇಪ್ ಅಂಟಿಸಿದೀನಿ, ಕ್ಯಾಮೆರಾ ಸ್ಟ್ಯಾಂಡಿಗೂ ಒಂದು. ಸ್ನಾಯು ಬಿಗಿ ಹಿಡೀಬಾರ್ದು, ಬಿಗಿ ಹಿಡಿದ್ರೆ ಗುಳಿ ಇನ್ನೂ ಎದ್ದು ಕಾಣುತ್ತೆ. ಮುಖದ್ದು ಇನ್ನೂ ಕಿರಿಕಿರಿ, ಗದ್ದ ಒಂಚೂರು ಎತ್ತಿದ್ರೆ ಸಾಕು ಜೋತಿರೋ ದವಡೆ ನೆಟ್ಟಗಾಗ್ಬಿಡುತ್ತೆ. ಸುಕ್ಕು ಕಮ್ಮಿ ಮಾಡೋ ಬೊಟಾಕ್ಸ್ ಇಂಜೆಕ್ಷನ್‌ಗೆ ಹುಬ್ಬು ಗಂಟಿಕ್ಕಿಸಿ ಒಂದು, ಸಡಿಲ ಬಿಟ್ಟು ಒಂದು ತೆಗೀತೀನಿ, ಮತ್ತೆ ಎರಡು ವಾರಕ್ಕೆ, ಯಾಕಂದ್ರೆ ಪೂರ್ತಿ ಹಿಡಿಯೋಕೆ ಅಷ್ಟು ದಿನ ಬೇಕು. ಎರಡನೇ ದಿನಾನೇ ಫೋನ್ ಮಾಡಿ "ಏನೂ ಆಗೇ ಇಲ್ಲ" ಅನ್ನೋರು ವಾರಕ್ಕೆ ಒಬ್ಬರಾದ್ರೂ ಇರ್ತಾರೆ.